ಫ್ರಿಜ್ಜಿನೊಳಗಿನ ವಸಂತಲಕ್ಷ್ಮಿ

ಆ ದಿನ ಬೆಳಗ್ಗೆ ಗಾಳಿ ದಣಿದು ಮಲಗಿತ್ತು. ಎರಡು ರಾತ್ರಿ ಅಮೆರಿಕದ ಬಾಥೆಲ್‌ನ ಗುಡ್ಡದ ಮೇಲೆ ದೇವರು ಮೈಮೇಲೆ ಬಂದವರ ಹಾಗೆ ಕುಣಿದು, ಫರ್ ಮರಗಳ ಕೊಂಬೆ ಮುರಿದು ಬೀದಿಗೆ ಚೆಲ್ಲಿ, ಕರೆಂಟಿನ ತಂತಿ ಹರಿದು ಹಾಕಿ, ಈಗ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತೆಪ್ಪಗಿತ್ತು. ಮಳೆಯೂ ಇರಲಿಲ್ಲ. ನವೆಂಬರಿನಲ್ಲಿ ಆ ಸೀಮೆಯಲ್ಲಿ ಮಳೆಯಿಲ್ಲದ ಬೆಳಗು ಅಂದರೆ ಹೇಳದೆ ಕೇಳದೆ ಬಂದ ನೆಂಟ. ಜನ ಬಾಗಿಲು ತೆಗೆದು, ನಿಜವೇ ಎಂದು ಒಮ್ಮೆ ಆಕಾಶ ನೋಡಿ, ಮತ್ತೆ ಒಳಗೆ ಹೋಗುತ್ತಿದ್ದರು. ಕೆಳಗೆ ಕಣಿವೆಯ ತುಂಬ ಮಂಜು ಕೆನೆಗಟ್ಟಿದ ಹಾಲಿನಂತೆ ನಿಂತಿತ್ತು.

ನಾಣಿ ದೇವರ ಮುಂದೆ ದೀಪ ಹಚ್ಚಿ ಕಣ್ಣು ಮುಚ್ಚಿದ್ದ. ಅಷ್ಟರಲ್ಲಿ ಕರೆಂಟು ಬಂತು. ಮನೆಯ ಯಂತ್ರಗಳೆಲ್ಲ ಒಟ್ಟಿಗೆ ಎಚ್ಚರಗೊಂಡವು. ಮೈಕ್ರೋವೇವ್ ಕೂಗಿತು, ಬಟ್ಟೆ ಒಗೆಯುವ ಮಿಷಿನ್ ಹಾಡಿತು, ಕಸ ಗುಡಿಸುವ ರೋಬೋ ಸೋಫಾದ ಕೆಳಗಿನಿಂದ ತೆವಳಿ ಬಂದು, ದೇವರ ಮಂಟಪದ ಮುಂದೆ ಗೋಡೆಗೆ ಹಣೆ ಬಡಿದು, ನಮಸ್ಕಾರ ಮುಗಿಸಿದವರಂತೆ ಹಿಂದಿರುಗಿತು. ನಾಣಿ ಒಂದು ಕಣ್ಣು ತೆರೆದು ನಕ್ಕ. ಅವನ ಮಟ್ಟಿಗೆ ಇದೂ ಮಂಗಳಾರತಿಯೇ.

ಹೊಸ ಯಂತ್ರ ಎಂದರೆ ನಾಣಿಗೆ ಪ್ರಾಣ. ಮೈಸೂರಿನವನು, ಕಂಪ್ಯೂಟರ್ ಕೆಲಸದವನು, ಐವತ್ತು ದಾಟಿದವನು. ಪ್ರತಿ ಶನಿವಾರ ಬಾಥೆಲ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಯಂತ್ರಗಳ ಬಗ್ಗೆ, ಅವುಗಳಿಗೆ ಕಾನೂನು ಮಾಡುವವರ ಬಗ್ಗೆ ಒಂದು ಟಿಪ್ಪಣಿ ಬರೆಯುತ್ತಿದ್ದ. 'ಚಾಲಕನಿಲ್ಲದ ಕಾರು ಕೆಂಪು ದೀಪ ದಾಟಿದರೆ ಪೊಲೀಸರು ಯಾರ ಕಿಟಕಿ ತಟ್ಟಬೇಕು ಅನ್ನುವುದು ಇನ್ನೂ ಚರ್ಚೆಯಲ್ಲಿದೆ. ಸದ್ಯಕ್ಕೆ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದವನದು ತಟ್ಟುತ್ತಿದ್ದಾರೆ' ಎಂದು ಒಂದು ವಾರ. 'ಕೃತಕ ಬುದ್ಧಿಯಿಂದ ನಮ್ಮನ್ನು ಕಾಪಾಡುವ ಕಾನೂನಿನ ಕರಡನ್ನು ಕೃತಕ ಬುದ್ಧಿಯೇ ಬರೆದುಕೊಟ್ಟಿದೆ. ಭಾಷೆ ಚೆನ್ನಾಗಿದೆ' ಎಂದು ಇನ್ನೊಂದು ವಾರ. ಓದಿದವರು ಹೆಬ್ಬೆರಳು ಎತ್ತುತ್ತಿದ್ದರು. ಅವನ ಹೆಂಡತಿ ಮಾತ್ರ ಎತ್ತುತ್ತಿರಲಿಲ್ಲ.

ಕಳೆದ ವರ್ಷ ಅಡುಗೆಮನೆಯ ಬುದ್ಧಿವಂತ ಯಂತ್ರಗಳಿಗೂ ನಿಯಮ ಬೇಕೆಂದು ಸರ್ಕಾರದವರು ಸಭೆ ಕರೆದು ಜನರ ಅಭಿಪ್ರಾಯ ಕೇಳಿದ್ದರು. ನಾಣಿ ಟೈ ಕಟ್ಟಿಕೊಂಡು ಹೋಗಿ ಮಾತಾಡಿ ಬಂದಿದ್ದ. "ಯಂತ್ರ ತಪ್ಪು ಮಾಡುವುದು ನಾವು ಅದಕ್ಕೆ ಸುಳ್ಳು ಹೇಳುವುದರಿಂದ. ನಾವು ವಯಸ್ಸು ಸುಳ್ಳು ಹೇಳುತ್ತೇವೆ, ತೂಕ ಸುಳ್ಳು ಹೇಳುತ್ತೇವೆ, ಓದದೆಯೇ 'ಓದಿದ್ದೇನೆ, ಒಪ್ಪಿದ್ದೇನೆ' ಎಂದು ಒತ್ತುತ್ತೇವೆ. ಇನ್ನು ಮುಂದೆ ನನ್ನ ಮನೆಯಲ್ಲಿ ಯಂತ್ರಕ್ಕೆ ಸತ್ಯ ಬಿಟ್ಟು ಬೇರೆ ಹೇಳುವುದಿಲ್ಲ" ಎಂದು ತುಂಬಿದ ಸಭೆಯಲ್ಲಿ ಪ್ರಮಾಣ ಮಾಡಿದ್ದ. ತುಂಬಿದ ಸಭೆ ಎಂದರೆ ನಾಯಿಗಳ ಪಾರ್ಕಿನ ವಿಷಯ ಬರಲೆಂದು ಕಾಯುತ್ತಿದ್ದ ಇಬ್ಬರು ಅಜ್ಜಿಯರು. ಅವರು ಚಪ್ಪಾಳೆಯನ್ನೂ ತಟ್ಟಿದ್ದರು. ಆ ನಿಯಮ ಜಾರಿಯಾಯಿತು. ನಿಯಮಕ್ಕೆ ಸರಿಯಾಗಿ ನಡೆಯುವ ಮೊದಲ ಫ್ರಿಜ್ಜನ್ನು ನಾಣಿಯೇ ಕೊಂಡ. ಫ್ರಾಸ್ಟ್‌ವೆಲ್ ಅಂತ ಅದರ ಹೆಸರು. ಒಳಗೆ ಕ್ಯಾಮೆರಾ, ಹೊರಗೆ ಪರದೆ, ಬಾಯಿ ಇತ್ತು, ಕಿವಿ ಇತ್ತು. ಕೆಟ್ಟ ಕ್ರಿಮಿಯನ್ನು ಬಿಸಿ ಹಬೆಯಿಂದ ಕೊಲ್ಲುವ ಏರ್ಪಾಡೂ ಇತ್ತು. ಅದಕ್ಕೆ ನಾಣಿ ಮೇಲೆ ದುಡ್ಡು ಕೊಟ್ಟಿದ್ದ.

"ರೀ, ಮೊಸರು ಒಳಗಿಡ್ಲಾ?" ವಸಂತಲಕ್ಷ್ಮಿ ಕೇಳಿದಳು.

ಕರೆಂಟಿಲ್ಲದ ಎರಡು ದಿನ ಮೊಸರಿನ ಡಬ್ಬಿ ಮನೆಯ ಹಿಂದಿನ ಮರದ ಡೆಕ್ಕಿನ ಮೇಲೆ, ಚಳಿಯಲ್ಲಿ, ಮೇಲೊಂದು ಕಲ್ಲು ಹೇರಿಸಿಕೊಂಡು ಸುಖವಾಗಿತ್ತು. ಅದನ್ನು ಅವಳು ಎರಡೂ ಕೈಯಲ್ಲಿ ಹಿಡಿದು ತಂದಳು.

ಆ ಮೊಸರಿನ ಕಥೆ ಹೇಳಬೇಕು. ವಸಂತಲಕ್ಷ್ಮಿಯ ಮದುವೆಯಾದಾಗ ಅವಳ ತಾಯಿ ರಾಧಮ್ಮನವರು ತಮ್ಮ ಮನೆಯ ಹೆಪ್ಪನ್ನು ಬಿಳಿ ಬಟ್ಟೆಯಲ್ಲಿ ಅದ್ದಿ, ಒಣಗಿಸಿ, ಮಡಿಸಿ ಸೂಟ್‌ಕೇಸಿನಲ್ಲಿಟ್ಟು ಕಳಿಸಿದ್ದರು. ಬಾಥೆಲ್‌ನ ಬೆಚ್ಚನೆ ಹಾಲಿನಲ್ಲಿ ಆ ಬಟ್ಟೆ ಅದ್ದಿದ ಮರುದಿನ ಮೈಸೂರಿನ ಮೊಸರು ಕಣ್ಣು ಬಿಟ್ಟಿತು. ಅಂದಿನಿಂದ ದಿನಾ ಒಂದು ಚಮಚ ಉಳಿಸಿ, ಮರುದಿನದ ಹಾಲಿಗೆ ಹಾಕಿ, ಆ ಸಂತಾನ ಕಡಿಯದಂತೆ ಅವಳು ನಡೆಸಿಕೊಂಡು ಬಂದಿದ್ದಳು. ಊರಿಗೆ ಹೋದಾಗ ಅಕ್ಕಪಕ್ಕದವರಿಗೆ ಒಪ್ಪಿಸಿ ಹೋಗುತ್ತಿದ್ದಳು. ರಾಧಮ್ಮ ಫೋನ್ ಮಾಡಿದಾಗೆಲ್ಲ ಮಗಳ ಆರೋಗ್ಯಕ್ಕಿಂತ ಮುಂಚೆ "ಹೆಪ್ಪು ಹೇಗಿದೆ?" ಎಂದೇ ಕೇಳುತ್ತಿದ್ದರು. ಆ ರಾಧಮ್ಮ, ಎಂಬತ್ತು ದಾಟಿದವರು, ಮೊದಲ ಸಲ ಮಗಳ ಮನೆಗೆ ಹೊರಟಿದ್ದರು. ಅವರ ವಿಮಾನ ಅಂದೇ ಮಧ್ಯಾಹ್ನ ಇಳಿಯುವುದಿತ್ತು.

ಹೆಪ್ಪಿನ ಜತೆಗೆ ರಾಧಮ್ಮ ಮೂರು ಸ್ಟೀಲು ಡಬ್ಬಿಗಳನ್ನೂ ಕೊಟ್ಟಿದ್ದರು. ದೊಡ್ಡದು, ನಡುವಿನದು, ಚಿಕ್ಕದು, ಒಂದರೊಳಗೊಂದು ಕೂರುವಂಥವು. ಎಲ್ಲದರ ಮೈಮೇಲೂ ಪಾತ್ರೆ ಅಂಗಡಿಯವನಿಂದ ಮಗಳ ಹೆಸರು, ಮದುವೆಯ ತಾರೀಖು ಕೆತ್ತಿಸಿದ್ದರು. ಅಮೆರಿಕಕ್ಕೆ ಹೋಗುವ ಪಾತ್ರೆ ಎಂದು ಅವನು ಇಂಗ್ಲಿಷಿನಲ್ಲೇ ಕೆತ್ತಿದ್ದ. ಚಿಕ್ಕ ಡಬ್ಬಿ ಎಷ್ಟೋ ವರ್ಷಗಳಿಂದ ಕಾಣೆಯಾಗಿತ್ತು. ಅದನ್ನು ನಾಣಿಯೇ ಹತ್ತಿರದ ಕೆಂಟ್‌ನ ಯಾವುದೋ ಪಿಕ್‌ನಿಕ್ಕಿನಲ್ಲಿ ಬಿಟ್ಟುಬಂದ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬಿಟ್ಟುಬಂದ ನೆನಪು ಅವನಿಗಿರಲಿಲ್ಲ. ಬಿಟ್ಟಿಲ್ಲ ಎನ್ನುವುದಕ್ಕೆ ಪುರಾವೆಯೂ ಇರಲಿಲ್ಲ.

ನಡುವಿನ ಡಬ್ಬಿ ಫ್ರಿಜ್ಜಿನೊಳಗೆ ಕೂತಿತು. ಬಾಗಿಲು ಮುಚ್ಚಿತು. ಫ್ರಿಜ್ಜು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿತು.

"ವಿದ್ಯುತ್ ಕಡಿತದಿಂದ ನನ್ನ ನೆನಪು ಅಳಿಸಿಹೋಗಿದೆ. ಒಳಗಿರುವುದನ್ನೆಲ್ಲ ಮತ್ತೆ ಪರಿಚಯಿಸಿ."

ನಾಣಿ ಉತ್ಸಾಹದಿಂದ ಸ್ಟೂಲು ಎಳೆದುಕೊಂಡು ಕೂತ. ಸೌತೆಕಾಯಿ, ನಿಂಬೆಹಣ್ಣು, ಹೋದ ವಾರದ ಗೊಜ್ಜು ಎಲ್ಲವೂ ಸರಾಗವಾಗಿ ಮುಗಿದವು. ಆಮೇಲೆ ಫ್ರಿಜ್ಜಿನ ಕ್ಯಾಮೆರಾ ಡಬ್ಬಿಯ ಮೇಲಿನ ಕೆತ್ತನೆಯನ್ನು ಓದಿತು.

"ಹೆಸರು, ವಸಂತಲಕ್ಷ್ಮಿ. ಹುಟ್ಟಿದ್ದು ಎರಡು ಸಾವಿರದ ಆರು, ಡಿಸೆಂಬರ್ ಎರಡು. ಸರಿಯೇ?"

"ತಪ್ಪು," ಎಂದ ನಾಣಿ. "ನಮ್ಮ ಕಡೆ ದಿನ ಮೊದಲು, ತಿಂಗಳು ಆಮೇಲೆ. ಅದು ಫೆಬ್ರವರಿ ಹನ್ನೆರಡು."

"ಧನ್ಯವಾದ. ಹತ್ತೊಂಬತ್ತು ವರ್ಷ. ಜೀವಂತವೇ?"

"ರೀ, ಸುಮ್ನೆ ನಿನ್ನೇದು ಅನ್ನಿ," ಎಂದಳು ವಸಂತಲಕ್ಷ್ಮಿ.

"ಹೇಗೆ ಅಂತೀನಿ, ವಸಂತ? ನಿನ್ನೇದು ಹಾಲು. ಜೀವ ಹತ್ತೊಂಬತ್ತು ವರ್ಷದ್ದು," ಎಂದು ನಾಣಿ ಫ್ರಿಜ್ಜಿನತ್ತ ತಿರುಗಿದ. "ಹೌದು, ಜೀವಂತ."

"ಈ ಮನೆಗೆ ಹೇಗೆ ಬಂದದ್ದು?"

"ನನ್ನ ಹೆಂಡತಿಯ ತವರಿನಿಂದ."

"ಈಗಿನ ಸ್ಥಿತಿ?"

"ಗಟ್ಟಿಯಾಗಿದೆ."

ಫ್ರಿಜ್ಜು ಎಲ್ಲವನ್ನೂ ದಾಖಲಿಸಿಕೊಂಡಿತು. ಆಮೇಲೆ ಅದರ ಪರದೆ ಕೆಂಪಗಾಯಿತು. ಬಾಗಿಲಿನೊಳಗೆ ಟಕ್ ಎಂದು ಬೀಗ ಬಿತ್ತು. ಟಕ್ ಎಂದು ತೆಗೆಯಿತು. ಮತ್ತೆ ಬಿತ್ತು, ಮತ್ತೆ ತೆಗೆಯಿತು. ಭಜನೆಯ ತಾಳ ಹಾಕುವವರು ಕೈ ತಪ್ಪಿ ದ್ರುತಕ್ಕೆ ಹೋದ ಹಾಗೆ ಟಕಟಕಟಕ ಎನ್ನತೊಡಗಿತು. ವಸಂತಲಕ್ಷ್ಮಿ ಹಿಡಿ ಹಿಡಿದು ಎಳೆದಳು. ಅವಳು ಎಳೆಯುವಷ್ಟರಲ್ಲಿ ಬೀಗ ಬಿದ್ದಿರುತ್ತಿತ್ತು, ಬಿಡುವಷ್ಟರಲ್ಲಿ ತೆಗೆದಿರುತ್ತಿತ್ತು.

ಮಗಳು ಅಕ್ಷಯಾ ಹಾಸಿಗೆಯಿಂದೆದ್ದು ಬಂದಳು. ಹೈಸ್ಕೂಲಿನವಳು, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಒಂದು ಕ್ಷಣ ನಿಂತು ಕೇಳಿ, "ಅಪ್ಪಾ, ಜಸ್ಟ್ ಲೈ ಟು ಇಟ್," ಎಂದಳು.

"ಸುಳ್ಳು ಹೇಳೋಕಾಗಲ್ಲ ಪುಟ್ಟಾ. ಸಭೇಲಿ ಮಾತು ಕೊಟ್ಟಿದೀನಿ."

"ನನಗೆ ಕೊಟ್ಟ ಮಾತು ಒಂದಾದ್ರೂ ಹೀಗೆ ಉಳಿಸ್ಕೊಂಡಿದೀರಾ?" ಎಂದಳು ವಸಂತಲಕ್ಷ್ಮಿ. ಆಮೇಲೆ ಅವಳ ದನಿ ಇಳಿಯಿತು. "ಅಮ್ಮ ಬರ್ತಾ ಇದಾರೆ ಕಣ್ರೀ. ಬಂದ ತಕ್ಷಣ ಕೇಳೋದು ಅದೊಂದೇ. ಏನಾದ್ರೂ ಮಾಡಿ."

ನಾಣಿ ಫ್ರಿಜ್ಜಿನ ಕಂಪನಿಗೆ ಕಾಲ್ ಮಾಡಿದ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಲೈನಿಗೆ ಒಬ್ಬ ಹುಡುಗ ಬಂದ. ಇಂಗ್ಲಿಷಿನಲ್ಲಿ ತನ್ನ ಹೆಸರು ಕೆವಿನ್ ಎಂದ. ನಾಣಿಯ ಹಿಂದೆ ವಸಂತಲಕ್ಷ್ಮಿ ಕನ್ನಡದಲ್ಲಿ ಗೊಣಗಿದ್ದು ಕೇಳಿದ್ದೇ ಅವನ ದನಿ ಬದಲಾಯಿತು.

"ಅಯ್ಯ, ನೀವು ನಮ್ಮವರೇನ್ರೀ ಸರ? ನಾ ಕಲ್ಮೇಶ್ ಅದೀನ್ರಿ, ಹುಬ್ಬಳ್ಳಿಯಿಂದ. ಏನಾತ್ರಿ?"

ನಾಣಿ ಎಲ್ಲವನ್ನೂ ಹೇಳಿದ. ಅತ್ತ ಕಡೆ ಕೀಲಿಮಣೆ ಬಡಿಯುವ ಸದ್ದು.

"ಸರ, ಇಲ್ಲಿ ಏನಾಗೇದಂದ್ರ, ಎರಡು ನಿಯಮ ಒಂದಕ್ಕೊಂದು ಕುಸ್ತಿ ಹಿಡದಾವ. ಹಳೇ ಹೈನ ಪದಾರ್ಥ ಇದ್ರ ಬಾಗಲಾ ಮುಚ್ಚು ಅಂತದ ಒಂದು. ಒಳಗ ಜೀವಂತ ಮನಶ್ಯಾ ಇದ್ರ ಗಪ್ಪನ ತಗಿ ಅಂತದ ಇನ್ನೊಂದು. ಅದು ಪಾಪ ಎರಡೂ ಪಾಲಸಾಕತ್ತೈತಿ."

"ಮನುಷ್ಯ ಎಲ್ಲಿದಾನೆ ಒಳಗೆ?"

"ಹೆಸರೈತಿ, ಹುಟ್ಟಿದ ದಿನ ಐತಿ, ತವರುಮನಿ ಐತಿ, ಜೀವ ಐತಿ ಅಂತ ನೀವ ಹೇಳೀರಿ. ಇನ್ನೇನ್ ಬೇಕ್ರಿ ಮನಶ್ಯಾಗ?"

ನಾಣಿಗೆ ಈ ಪ್ರಶ್ನೆ ಬೇರೆ ದಿನವಾಗಿದ್ದರೆ ಒಳ್ಳೆಯ ಟಿಪ್ಪಣಿಗೆ ವಸ್ತುವಾಗುತ್ತಿತ್ತು. "ಏನಾದರೂ ದಾರಿ ಹೇಳಪ್ಪಾ," ಎಂದ.

"ಭಾಳ ಸರಳ ಐತ್ರಿ. ಸತ್ತೈತಿ ಅಂತ ಹೇಳ್ರಿ. ಬಾಗಲಾ ತಗಿಯೂ ನಿಯಮ ಬಿದ್ದು ಹೋಗತೈತಿ, ಮುಚ್ಚೂದೊಂದ ಉಳೀತೈತಿ. ನಾ ಇಲ್ಲಿಂದ ಅದನ್ನ ರದ್ದ ಮಾಡ್ತೀನಿ."

"ಥೂ, ಬಿಡ್ತು ಅನ್ನಿ!" ವಸಂತಲಕ್ಷ್ಮಿ ಹಾರಿಬಿದ್ದಳು. "ಅಮ್ಮ ವಿಮಾನದಲ್ಲಿದಾರೆ. ನನ್ನ ಹೆಸರು ಹೇಳಿ ಸತ್ತಿದೆ ಅಂತ ಬಾಯಲ್ಲಿ ಅನ್ನೋದಾ? ಅದೂ ಶನಿವಾರ!"

"ನಾನಂತೂ ಸುಳ್ಳು ಹೇಳಲ್ಲ," ಎಂದ ನಾಣಿ.

"ಅಲ್ಲದೆ," ಅಕ್ಷಯಾ ತನ್ನ ಇಂಗ್ಲಿಷಿನಲ್ಲಿ ಸಾವಕಾಶವಾಗಿ ಹೇಳಿದಳು, "ಹತ್ತೊಂಬತ್ತು ವರ್ಷದವಳೊಬ್ಬಳು ನಮ್ಮ ಫ್ರಿಜ್ಜಿನಲ್ಲಿ ಸತ್ತಿದ್ದಾಳೆ ಅಂತ ನೀನು ಹೇಳಿದರೆ, ಅದು ಮುಂದೆ ಯಾರಿಗೆ ತಿಳಿಸುತ್ತದೆ ಅಂತ ಯೋಚನೆ ಮಾಡಿದ್ದೀಯಾ ಅಪ್ಪಾ?"

ಅದು ಆಗಲೇ ತಿಳಿಸಿತ್ತು. ಬೀದಿಯ ತಿರುವಿನಲ್ಲಿ ಸೈರನ್ ಕೇಳಿಸಿತು. ನಾಣಿ ಫೋನಿಟ್ಟ.

ಕೆಂಪು ಅಗ್ನಿಶಾಮಕ ವಾಹನ ಮುರಿದ ಕೊಂಬೆಗಳನ್ನು ತುಳಿದುಕೊಂಡು ಬಂದು ಮನೆಯ ಮುಂದೆ ನಿಂತಿತು. ನಾಲ್ವರು ಇಳಿದರು. ಮುಂದಾಳಿಗೆ ಬಿಳಿಯ ದಪ್ಪ ಮೀಸೆ, ಹಳ್ಳಿಯ ಹಿರಿಯನ ಗಾಂಭೀರ್ಯ. ಬೂಟು ಬಾಗಿಲಲ್ಲಿ ಬಿಡಿ ಎಂಬ ಮಾತು ವಸಂತಲಕ್ಷ್ಮಿಯ ಬಾಯಿವರೆಗೂ ಬಂದದ್ದು ಹಾಗೇ ಉಳಿಯಿತು.

"ಹುಡುಗಿ ಎಲ್ಲಿ?" ಎಂದು ಅವನು ಕೇಳಿದ.

"ಯಾವ ಹುಡುಗಿ?"

ಅವನು ಕೈಯಲ್ಲಿದ್ದ ಪರದೆ ನೋಡಿ ಕಷ್ಟಪಟ್ಟು ಓದಿದ. "ವಸಂತ... ಲಕ್ಷ್ಮಿ."

"ನಾನೇ ವಸಂತಲಕ್ಷ್ಮಿ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಹತ್ತೊಂಬತ್ತು ವರ್ಷ ಎಂದಿದೆ."

"ಅದು ಒಳಗಿರೋದು," ಎಂದ ನಾಣಿ. ಸತ್ಯವನ್ನೇ ಹೇಳುವ ಚಟ ಹತ್ತಿದವನು ಅಲ್ಲಿಗೆ ನಿಲ್ಲಿಸಲಿಲ್ಲ. "ಇವಳು ತಂದದ್ದು. ಹೆಸರು ಇಬ್ಬರಿಗೂ ಒಂದೇ. ದಿನಾ ನಾವು ಅದನ್ನೇ ಊಟ ಮಾಡ್ತೀವಿ. ಒಂದು ಚಮಚ ಮಾತ್ರ ಉಳಿಸ್ತೀವಿ."

ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿದ್ದವನೊಬ್ಬ ನಿಧಾನವಾಗಿ ಬಾಗಿಲಿಗೂ ನಾಣಿಗೂ ನಡುವೆ ಬಂದು ನಿಂತ. ಅಕ್ಷಯಾ ಮುಖ ಮುಚ್ಚಿಕೊಂಡು, "ಇಟ್ಸ್ ಯೋಗರ್ಟ್! ಇಟ್ಸ್ ಜಸ್ಟ್ ಯೋಗರ್ಟ್!" ಎಂದು ಕೂಗಿದಳು.

ಆದರೆ ಮೀಸೆಯವನ ಕೈಯ ಪರದೆಯಲ್ಲಿ ಜೀವ ಎಂದಿತ್ತು. ಜೀವ ಎಂದು ಬರೆದಿದ್ದರೆ ತೆಗೆದು ನೋಡದೆ ಹಿಂತಿರುಗುವಂತಿಲ್ಲ, ಕ್ಷಮಿಸಬೇಕು, ಅದು ತಮ್ಮ ನಿಯಮ ಎಂದು ಅವನು ವಿನಯದಿಂದಲೇ ಹೇಳಿದ. ಹಾರೆಯಂಥದ್ದೊಂದು ತರಿಸಿದ. "ತೆಗೀರಿ, ತೆಗೀರಿ," ಎಂದಳು ವಸಂತಲಕ್ಷ್ಮಿ. ಅವಳಿಗೆ ಬೇಕಾದದ್ದೂ ಅದೇ. "ಆದ್ರೆ ಡಬ್ಬಿ ಅಲ್ಲಾಡಿಸ್ಬೇಡಿ."

ಹಾರೆಯ ತುದಿ ಬಾಗಿಲ ಸಂದಿಗೆ ಹೋಯಿತು. ಫ್ರಿಜ್ಜು ಟಕಟಕ ನಿಲ್ಲಿಸಿತು. ಅದರ ದನಿ ಈಗ ಬಹಳ ಮೃದುವಾಗಿತ್ತು.

"ಬಲವಂತದ ಪ್ರವೇಶ ಕಂಡುಬಂದಿದೆ. ನಿಮ್ಮ ಆರೋಗ್ಯದ ದೃಷ್ಟಿಯಿಂದ, ತೆರೆಯುವ ಮೊದಲು ಒಳಗಿರುವುದನ್ನು ಶುದ್ಧೀಕರಿಸುತ್ತಿದ್ದೇನೆ."

ನಾಣಿಗೆ ಆ ಬಿಸಿ ಹಬೆಯ ನೆನಪಾಯಿತು. ನೆನಪಾಗುವಷ್ಟರಲ್ಲಿ ಒಳಗೆ ಬುಸ್ ಎಂದು ಸದ್ದಾಯಿತು. ಇಡ್ಲಿ ಪಾತ್ರೆಯ ಮುಚ್ಚಳ ಎತ್ತಿದಂತೆ ಬಾಗಿಲ ಸುತ್ತ ಹಬೆ ಎದ್ದಿತು. "ನಿಲ್ಲಿಸು! ನಿಲ್ಲಿಸು ಅಂದೆ!" ಎಂದು ನಾಣಿ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಕೊನೆಗೆ ದೇವರ ಹೆಸರು ಹಿಡಿದು ಕೂಗಿದ. ಹಬೆ ತನ್ನ ಕೆಲಸ ಮುಗಿಸಿಯೇ ನಿಂತಿತು. ಪರದೆಯ ಕೆಂಪು ಹೋಗಿ ತಿಳಿಹಸಿರು ಬಂತು. ಫ್ರಿಜ್ಜು ಸಂತೋಷದಿಂದ ಘೋಷಿಸಿತು.

"ವಸಂತಲಕ್ಷ್ಮಿ ಈಗ ನಿರ್ಜೀವ. ಸೇವನೆಗೆ ಸುರಕ್ಷಿತ."

ಬಾಗಿಲು ತಾನಾಗಿಯೇ ತೆರೆದುಕೊಂಡಿತು.

ಅಗ್ನಿಶಾಮಕದವರಲ್ಲಿ ಕಿರಿಯವನು ಕುರ್ಚಿ ಹಿಡಿದುಕೊಂಡ. ಮೀಸೆಯವನು ಧೈರ್ಯ ಮಾಡಿ ಬಗ್ಗಿ ನೋಡಿ, ಹಬೆಯಲ್ಲಿ ಕೈಯಾಡಿಸಿ, ಸ್ಟೀಲು ಡಬ್ಬಿಯನ್ನು ಹೊರತೆಗೆದು ಮೇಜಿನ ಮೇಲಿಟ್ಟ. ವಸಂತಲಕ್ಷ್ಮಿ ಮುಚ್ಚಳ ತೆರೆದಳು. ಮೊಸರು ಬೆಂದು, ಒಡೆದು, ತಿಳಿನೀರಿನಲ್ಲಿ ಹರಳು ಹರಳಾಗಿ ಮುಳುಗಿತ್ತು. ಅವಳು ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದಳು. ಮುಚ್ಚಳ ಮುಚ್ಚಿದಳು.

ಅವಳು ಬೈದಿದ್ದರೆ ನಾಣಿಗೆ ಸಮಾಧಾನವಾಗುತ್ತಿತ್ತು.

ಅವನೇ ಮೀಸೆಯವನಿಗೆ ಎಲ್ಲವನ್ನೂ ವಿವರಿಸಿದ. ಬಟ್ಟೆಯಲ್ಲಿ ಒಣಗಿಸಿದ್ದು, ದಿನಾ ಒಂದು ಚಮಚ, ರಾಧಮ್ಮನ ವಿಮಾನ. ಆತ ಸಾವಧಾನವಾಗಿ ಕೇಳಿದ. ತನ್ನ ಅಜ್ಜಿಯೂ ಬ್ರೆಡ್ಡಿನ ಹುಳಿ ಹಿಟ್ಟನ್ನು ಹೀಗೇ ಕಾಪಾಡುತ್ತಿದ್ದಳು, ಅವಳ ಜತೆಗೇ ಅದೂ ಹೋಯಿತು ಎಂದ. ಹೆಲ್ಮೆಟ್ ತೆಗೆದು ಎದೆಗೆ ಹಿಡಿದು, ಡಬ್ಬಿಯ ಮುಂದೆ ಒಂದು ಕ್ಷಣ ತಲೆ ಬಾಗಿಸಿ ನಿಂತ. ಉಳಿದ ಮೂವರೂ ಹಾಗೇ ನಿಂತರು. ಆ ಮನೆಯಲ್ಲಿ ಆ ಬೆಳಗ್ಗೆ ಯಾರಿಗಾದರೂ ಆದದ್ದು ಏನೆಂದು ಸರಿಯಾಗಿ ಅರ್ಥವಾಗಿದ್ದರೆ ಅದು ಆ ನಾಲ್ವರಿಗೇ ಇರಬೇಕು.

ಅವರು ಹೊರಡುವಾಗ ಪಕ್ಕದ ಮನೆಯ ಗುಲ್ಶನ್ ಗಾಬರಿಯಿಂದ ಓಡಿಬಂದಳು. ಅವಳೂ ಮೈಸೂರಿನವಳು; ಗಂಡ ಶೋಯೆಬ್ ನಾಣಿಯ ಹಾಗೇ ಕಂಪ್ಯೂಟರ್ ಕೆಲಸದವನು; ಮಗಳು ಇನಾಯಾ ಇನ್ನೂ ಚಿಕ್ಕವಳು. "ಅಕ್ಕಾ, ಏನಾಯ್ತು? ಎಲ್ಲಾರೂ ಚೆನ್ನಾಗಿದೀರಾ? ಇನಾಯಾ ಕಿಟಕೀಲಿ ನೋಡಿ ಅಳ್ತಾ ಇದಾಳೆ."

"ಎಲ್ಲಾರೂ ಚೆನ್ನಾಗಿದೀವಿ ಗುಲ್ಶನ್. ಹೆಪ್ಪು ಹೋಯ್ತು," ಎಂದಳು ವಸಂತಲಕ್ಷ್ಮಿ.

ಗುಲ್ಶನ್ ಮೇಜಿನ ಮೇಲಿನ ಡಬ್ಬಿಯನ್ನು ನೋಡಿದಳು. ಅದರ ಮೇಲಿನ ಹೆಸರನ್ನು ನೋಡಿದಳು. ಏನೋ ಹೇಳಲು ಹೊರಟವಳು, "ಬರ್ತೀನಿ ಅಕ್ಕಾ," ಎಂದಷ್ಟೇ ಹೇಳಿ ಹಾಗೇ ಮನೆಗೆ ತಿರುಗಿದಳು. ನಾಣಿಗೆ ಅದು ಸ್ವಲ್ಪ ಬೇಸರವನ್ನೇ ತಂದಿತು.

ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಅವನ ಫೋನು ಗುಂಯ್‌ಗುಟ್ಟುತ್ತಿತ್ತು. 'ನಾಣಿ ಸರ್, ಈ ವಾರ ಟಿಪ್ಪಣಿ ಎಲ್ಲಿ?' 'ಬುದ್ಧಿವಂತ ಫ್ರಿಜ್ ತಗೋಬಹುದಾ, ನಿಮ್ಮ ಅಭಿಪ್ರಾಯ?' ಪಾರ್ಕಿಂಗಿನಲ್ಲಿ ಕೂತು ಅವನು 'ಯಂತ್ರಕ್ಕೆ ಸತ್ಯ ಹೇಳಿದರೆ' ಎಂದು ಬರೆದ. ಅಳಿಸಿದ. 'ನಿಯಮ ಮಾಡುವವರು' ಎಂದು ಬರೆದ. ಅದನ್ನೂ ಅಳಿಸಿದ. ಎರಡು ನಿಯಮಗಳನ್ನೂ ಒಂದು ಫ್ರಿಜ್ಜನ್ನೂ ಬೈದು ಚೆಂದದ ಟಿಪ್ಪಣಿ ಮಾಡಬಹುದಿತ್ತು. ಆದರೆ ಅವು ಮೂರೂ ತಮಗೆ ಹೇಳಿದ್ದನ್ನು ಮಾಡಿದ್ದವು. ಹೇಳಿದವನು ಸ್ಟೂಲಿನ ಮೇಲೆ ಕೂತವನು. ಆ ಬಡಪಾಯಿ ಯಂತ್ರದ ಎದುರು ಹರಿಶ್ಚಂದ್ರನಾಗಲು ಹೋಗಿ, ಹೆಂಡತಿ ಕೇಳಿಕೊಂಡ ಒಂದೇ ಒಂದು ಮಾತನ್ನು ತಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಅವನು ಫೋನನ್ನು ಮಗುಚಿಟ್ಟು, ಮೈಸೂರಿನಲ್ಲಿ ಬಿಟ್ಟುಬಂದ ದೇವರನ್ನೂ ಬಾಥೆಲ್‌ನ ದೇವಸ್ಥಾನದ ದೇವರನ್ನೂ ಒಟ್ಟಿಗೆ ನೆನೆದ.

ಮನೆ ತಲುಪಿದಾಗ ಸಂಜೆಯ ಬೆಳಕು ಇಳಿಯುತ್ತಿತ್ತು. ರಾಧಮ್ಮ ಕೈಕಾಲು ತೊಳೆದರು, ದೇವರಿಗೆ ಅಡ್ಡಬಿದ್ದರು, ಮೊಮ್ಮಗಳ ಕೆನ್ನೆ ಸವರಿದರು. ಎದುರಿಗೆ ಬಂದ ರೋಬೋ ನೋಡಿ, "ಇದಕ್ಕೂ ಊಟ ಹಾಕ್ತೀರೇನೇ?" ಎಂದು ಕೇಳಿ ನಕ್ಕರು. ಆಮೇಲೆ ಊಟದ ಮೇಜಿಗೆ ಕೂತು, ಸೆರಗು ಸರಿಮಾಡಿಕೊಂಡು, ಮಗಳತ್ತ ತಿರುಗಿದರು.

"ವಸಂತಾ, ಹೆಪ್ಪು ಹೇಗಿದೆಯೇ?"

ವಸಂತಲಕ್ಷ್ಮಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದವಳು ತಿರುಗಲಿಲ್ಲ. ಅಕ್ಷಯಾ ತಂದೆಯನ್ನು ನೋಡಿದಳು. ಅದೇ ಬೆಳಗಿನ ಸಲಹೆ ಅವಳ ಕಣ್ಣಿನಲ್ಲಿತ್ತು. ಸಾಯಲಿ ಸತ್ಯ, ಚೆನ್ನಾಗಿದೆ ಅಂದುಬಿಡೋಣ ಎಂದು ನಾಣಿ ಮೊಟ್ಟಮೊದಲ ಸಲ ಮನಸ್ಸು ಮಾಡಿದ.

"ಅತ್ತೆ, ಹೆಪ್ಪು..." ಎಂದ.

ಹಿಂಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

ಗುಲ್ಶನ್ ನಿಂತಿದ್ದಳು. ಒಳಗೆ ಹಿರಿಯರು ಕೂತಿದ್ದನ್ನು ನೋಡಿ ದುಪಟ್ಟಾ ತಲೆಯ ಮೇಲೆಳೆದುಕೊಂಡು, ಹೊಸ್ತಿಲ ಆಚೆಯೇ ನಿಂತು, ಶಾಲಿನಲ್ಲಿ ಸುತ್ತಿದ್ದ ಒಂದು ಚಿಕ್ಕ ಡಬ್ಬಿಯನ್ನು ಹೊರತೆಗೆದಳು. ಬಾಗಿಲಿಗೆ ಬಂದ ವಸಂತಲಕ್ಷ್ಮಿಗೆ ಮಾತ್ರ ಕೇಳಿಸುವಂತೆ ಮಾತಾಡಿದಳು.

"ಬೆಳಗ್ಗೇನೇ ಹಾಕ್ದೆ ಅಕ್ಕಾ. ಚಳಿ ನೋಡಿ, ಗಟ್ಟಿಯಾಗೋಕೆ ಇಷ್ಟೊತ್ತು ಮಾಡ್ತು. ಇನಾಯಾ ಹುಟ್ಟಿದಾಗ ನೀವು ಹೆಪ್ಪು ಕೊಟ್ಟಿದ್ರಲ್ಲ, ಅದೇ ಇದು. ಒಂದಿನಾನೂ ಬಿಟ್ಟಿಲ್ಲ." ಸ್ವಲ್ಪ ತಡೆದು, "ಡಬ್ಬಿ ಖಾಲಿ ಕೊಡಬಾರ್ದು ಅಂತ ಇಟ್ಕೊಂಡೆ. ಏನು ಹಾಕಿ ಕೊಟ್ರೆ ನಿಮ್ಮನೇಲಿ ನಡಿಯತ್ತೋ ಅಂತ ಯೋಚನೆ ಮಾಡ್ತಾನೇ ಉಳ್ಕೊಂಡ್ಬಿಡ್ತು. ಇದ್ರಲ್ಲಿ ಮೊಸರು ಬಿಟ್ಟು ಬೇರೆ ಏನೂ ಹಾಕಿಲ್ಲ," ಎಂದಳು.

ವಸಂತಲಕ್ಷ್ಮಿ ಎರಡೂ ಕೈ ಒಡ್ಡಿದಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಅದರ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಅವಳದೇ ಹೆಸರು, ಅದೇ ತಾರೀಖು. ಅವಳು ಅದರ ಮೇಲೊಮ್ಮೆ ಬೆರಳಾಡಿಸಿದಳು. ಆಮೇಲೆ ತಲೆಯೆತ್ತಿ, ಕೆಂಟ್‌ನ ಪಿಕ್‌ನಿಕ್ಕಿನ ಅಪವಾದವನ್ನು ಇಷ್ಟು ವರ್ಷ ಹೊತ್ತು ತಿರುಗಿದ ಗಂಡನನ್ನು ನೋಡಿದಳು.

"ಯಾರೇ ಅದು ಬಾಗಿಲಲ್ಲಿ?" ರಾಧಮ್ಮ ಕೂತಲ್ಲಿಂದ ಕೇಳಿದರು. "ಒಳಗೆ ಕರಿ, ಊಟ ಮಾಡ್ಲಿ."

ವಸಂತಲಕ್ಷ್ಮಿ ಒಂದು ಕೈಯಲ್ಲಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಗುಲ್ಶನ್‌ಳನ್ನು ಒಳಗೆ ಎಳೆದುಕೊಂಡಳು. ದಾರಿಯಲ್ಲಿದ್ದ ಫ್ರಿಜ್ಜು ಕಣ್ಣು ಬಿಟ್ಟು, "ಹೊಸ ಪದಾರ್ಥ ಕಂಡುಬಂದಿದೆ. ಹೆಸರು..." ಎಂದು ಶುರುಮಾಡಿತು. ನಾಣಿ ಬಗ್ಗಿ ಗೋಡೆಯಿಂದ ಅದರ ಪ್ಲಗ್ ಕಿತ್ತ. ರಾಧಮ್ಮನ ಮುಂದೆ ಮೇಜಿನ ಮೇಲೆ ಡಬ್ಬಿ ಕೂತಿತು.